ಕೇಳಾವರು ಹೋಗ್ತಾರ, ಹೇಳಿದವರು ಇಲ್ಲೇ ಇರ್ತಾರ!

ಮಿರಜ: ‘ನೀವು ಯಾವ ಪಾರ್ಟಿ ಕಡೆಯವರು?’

ಮಿರಜ, ಜತ್ತ ಭಾಗದ ಕನ್ನಡದ ಮನೆಗಳ ಮುಂದೆ ವಹಿ ಹಿಡಿದು ನಿಂತವರಿಗೆ ಎದುರಾಗುವ ಮೊದಲ ಪ್ರಶ್ನೆ ಬಹುತೇಕ ಇದೇ. ಬಂದವರು ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿಯೋ, ಚುನಾವಣಾ ಸಮೀಕ್ಷೆಯ ಹುಡುಗನೋ, ಟೀವಿಯವರೋ, ಸರಕಾರದ ಗಣತಿದಾರರೋ ಎಂಬುದು ಮನೆಯವರಿಗೆ ತಕ್ಷಣ ತಿಳಿಯುವುದಿಲ್ಲ. ಅವರ ಪಾಲಿಗೆ ಎಲ್ಲರೂ ‘ಬರಕೊಂಡ ಹೋಗಾಕ ಬಂದವರು’. ಕೂಡಿಸುತ್ತಾರೆ, ಚಹಾ ಕೊಡುತ್ತಾರೆ, ಕೇಳಿದ್ದಕ್ಕೆ ಒಂದಿಷ್ಟು ಹೇಳುತ್ತಾರೆ. ಬಂದವರು ಸಂಜೆಯ ಗಾಡಿ ಹಿಡಿದು ಹೋಗುತ್ತಾರೆ. ಹೇಳಿದವರು ಮಾತ್ರ ಅದೇ ಓಣಿಯಲ್ಲಿ, ಅದೇ ಪಂಚಾಯಿತಿಯಲ್ಲಿ, ಅದೇ ತಲಾಠಿಯ ಕಣ್ಣೆದುರು ಇರಬೇಕು.

ಜನ ಯಾಕೆ ಹೀಗೆ ಮತ ಹಾಕುತ್ತಾರೆ, ಯಾವ ಮುಖಂಡನ ಮಾತು ಎಲ್ಲಿ ನಡೆಯುತ್ತದೆ, ಸರಕಾರದ ಬಗ್ಗೆ ಊರಿನ ಸಿಟ್ಟು ಏನು ಎಂಬುದನ್ನು ಊರಿಗೇ ಬಂದು ಕೇಳಿ ಬರೆಯುವುದಕ್ಕೆ ರಾಜ್ಯಶಾಸ್ತ್ರದವರು ‘ಕ್ಷೇತ್ರಕಾರ್ಯ’ ಎನ್ನುತ್ತಾರೆ. ಗ್ರಂಥಾಲಯದಲ್ಲಿ ಕುಳಿತು ಇದೆಲ್ಲ ಸಿಗುವುದಿಲ್ಲ. ಆದರೆ ಬೇರೆ ಕಡೆ ಸಾದಾ ಎನಿಸುವ ಪ್ರಶ್ನೆ ಗಡಿಯಲ್ಲಿ ಸಾದಾ ಇರುವುದಿಲ್ಲ. ‘ಮನಿಯೊಳಗ ಏನ್ ಮಾತಾಡ್ತೀರಿ?’ ಎಂದು ಧಾರವಾಡದಲ್ಲಿ ಕೇಳಿದರೆ ಅದು ಕುಶಲೋಪರಿ. ಮಿರಜದಲ್ಲಿ ಕೇಳಿದರೆ ರಾಜಕಾರಣ!

ಅಷ್ಟಕ್ಕೂ ಈ ಊರು ಒಂದೇ ಭಾಷೆಯ ಲೆಕ್ಕಕ್ಕೆ ಯಾವತ್ತೂ ಸಿಕ್ಕಿದ್ದಲ್ಲ. ಪಟವರ್ಧನರ ಕಾಲದಲ್ಲಿ ಈಗಿನ ಗದಗ ಜಿಲ್ಲೆಯ ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ ಸೇರಿತ್ತು. ಶಿರಹಟ್ಟಿ, ತೇರದಾಳ ಸಾಂಗಲಿ ಸಂಸ್ಥಾನದಲ್ಲಿದ್ದವು. ವಾನ್ಲೆಸ್ ಮಿಷನ್ ದವಾಖಾನೆಯ ಕಾಲದಿಂದಲೂ ಅಥಣಿ, ಜಮಖಂಡಿ, ವಿಜಯಪುರ ಕಡೆಯವರು ದೊಡ್ಡ ಬೇನೆ ಬಂದರೆ ಹಾದಿ ಹಿಡಿಯುತ್ತಿದ್ದದ್ದು ಮಿರಜಕ್ಕೇ. ಬೆಳಗಾವಿ, ಪುಣೆ, ಕೊಲ್ಲಾಪುರ, ಪಂಢರಪುರದ ರೈಲುಗಳು ಕೂಡುವ ಜಂಕ್ಷನ್ ಇದು. ಪೇಟೆಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ, ದರ್ಗಾ ಓಣಿಯಲ್ಲಿ ದಖನಿ ಉರ್ದು. ಒಬ್ಬರೇ ಮನುಷ್ಯರು ದಿನಕ್ಕೆ ಮೂರೂ ಮಾತಾಡುವುದುಂಟು. ಇಂಥಲ್ಲಿ ‘ಒಂದು ಉತ್ತರಕ್ಕೆ ಗುರುತು ಹಾಕಿ’ ಎಂಬ ಪ್ರಶ್ನಾವಳಿ ಹಿಡಿದು ಬಂದವರ ಪಾಡು ಊಹಿಸಬಹುದು.

ಒಂದು ಠರಾವು, ಹತ್ತು ಅರ್ಥ

ಗಡಿಯ ಉತ್ತರಗಳನ್ನು ಓದುವುದು ಎಷ್ಟು ಕಷ್ಟ ಎಂಬುದಕ್ಕೆ ಸಾಂಗಲಿ ಜಿಲ್ಲೆಯದೇ ಜತ್ತ ತಾಲೂಕಿನ ಪ್ರಕರಣಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ. ಉಮದಿ, ಸಂಖ, ದಾನಮ್ಮದೇವಿಯ ಗುಡ್ಡಾಪುರ... ಕನ್ನಡದ ಮನೆಗಳೇ ತುಂಬಿರುವ, ಮಳೆಗೆ ಮುಖ ಮಾಡಿ ಕುಳಿತ ಬರದ ಸೀಮೆ. ಇಲ್ಲಿನ ಹಳ್ಳಿಗಳು ‘ನಮಗೆ ನೀರು ಕೊಡದಿದ್ದರೆ ಕರ್ನಾಟಕಕ್ಕೆ ಸೇರುತ್ತೇವೆ’ ಎಂದು 2012ರ ಸುಮಾರಿಗೆ ಠರಾವು ಮಾಡಿದ್ದವು.

ಹತ್ತು ವರ್ಷ ಕಳೆಯಿತು. 2022ರ ನವೆಂಬರಿನಲ್ಲಿ ಆಗಿನ ಕರ್ನಾಟಕದ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರು ಜತ್ತದ 40 ಗ್ರಾಮ ಪಂಚಾಯಿತಿಗಳ ಆ ಠರಾವನ್ನು ನೆನಪಿಸಿ, ಅದನ್ನು ಗಂಭೀರವಾಗಿ ಪರಿಗಣಿಸುವುದಾಗಿ ಹೇಳಿದರು. ಆಗ ಮಹಾರಾಷ್ಟ್ರದ ಉಪಮುಖ್ಯಮಂತ್ರಿಯಾಗಿದ್ದ ದೇವೇಂದ್ರ ಫಡಣವೀಸ್ ಅವರು ಅದು 2012ರ ಹಳೆಯ ಠರಾವು, ನೀರಿನ ಕೊರತೆಯಿಂದ ಬಂದದ್ದು, ಈಚೆಗೆ ಯಾವ ಊರೂ ಹಾಗೆ ಠರಾವು ಮಾಡಿಲ್ಲ ಎಂದರು. ಒಂದೇ ಕಾಗದ. ಒಬ್ಬರು ಓದಿದರೆ ಭಾಷೆ, ಇನ್ನೊಬ್ಬರು ಓದಿದರೆ ನೀರು!

ಮುಂದೆ ನಡೆದದ್ದು ಎಲ್ಲರಿಗೂ ಗೊತ್ತು. ಕ್ಯಾಮೆರಾಗಳು ಬಂದವು. ಕೆಲ ಕಡೆ ಕರ್ನಾಟಕದ ಪರ ಘೋಷಣೆ ಕೂಗಿದ ಸುದ್ದಿಯಾಯಿತು. ತುಬಚಿ-ಬಬಲೇಶ್ವರ ಏತ ನೀರಾವರಿಯ ನೀರು ಗಡಿ ದಾಟಿ ಜತ್ತದ ಕಡೆ ಹರಿಯಿತು. ಮಹಾರಾಷ್ಟ್ರ ಸರಕಾರ ಮ್ಹೈಸಾಳ ಯೋಜನೆಯನ್ನು ಜತ್ತದ ಉಳಿದ ಹಳ್ಳಿಗಳಿಗೆ ವಿಸ್ತರಿಸಲು ಸುಮಾರು 2000 ಕೋಟಿ ರೂಪಾಯಿಯ ಮಾತಾಡಿತು. ಅದೇ ವೇಳೆಗೆ ಎರಡೂ ಕಡೆ ಬಸ್ಸುಗಳಿಗೆ ಮಸಿ ಬಿತ್ತು, ಬೆಳಗಾವಿ ಬಳಿ ಹಿರೇಬಾಗೇವಾಡಿಯಲ್ಲಿ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿತ್ತು, ಗಡಿ ದಾಟುವ ಬಸ್ಸುಗಳು ನಿಂತವು.

ಈಗ ಆ ಹೊತ್ತಿನಲ್ಲಿ ಒಬ್ಬ ಸಂಶೋಧಕ ಉಮದಿಯ ಕಟ್ಟೆಗೆ ಬಂದು ‘ನೀವು ಯಾವ ರಾಜ್ಯದಲ್ಲಿರಲು ಬಯಸುತ್ತೀರಿ?’ ಎಂದು ಕೇಳಿದ ಅಂತಿಟ್ಟುಕೊಳ್ಳಿ. ಅವನಿಗೆ ಸಿಗುವ ಉತ್ತರ ಯಾವುದರ ಉತ್ತರ? ಮಾತೃಭಾಷೆಯದೋ, ಒಣಗಿದ ಬಾವಿಯದೋ? ಮುಂಬೈಯನ್ನು ಎಚ್ಚರಿಸಲು ಬೆಂಗಳೂರಿನ ಹೆಸರು ಹೇಳುವುದು ಹಳ್ಳಿಯವರಿಗೆ ತಿಳಿಯದ ವಿದ್ಯೆಯೇನಲ್ಲ. ಹಾಗೆ ಹೇಳಿದ್ದರಿಂದಲೇ ಎರಡೂ ಸರಕಾರಗಳು ನೀರಿನ ಮಾತಾಡಿದವು ಎಂಬುದನ್ನೂ ಅವರು ಕಂಡಿದ್ದಾರೆ. ಇದೇ ಜಿಲ್ಲೆಯ ಮಿರಜ ಸ್ಟೇಶನ್ನಿನಿಂದ 2016ರ ಏಪ್ರಿಲ್‌ನಲ್ಲಿ ರೈಲಿನ ಟ್ಯಾಂಕರುಗಳಲ್ಲಿ ಲಾತೂರಿಗೆ ಕುಡಿಯುವ ನೀರು ಹೋಗಿತ್ತು, ಮೊದಲ ಗಾಡಿಯಲ್ಲಿ 5 ಲಕ್ಷ ಲೀಟರ್. ದೂರದ ಲಾತೂರಿಗೆ ಹೋದ ನೀರು ಜತ್ತಕ್ಕೆ ಯಾಕಿಲ್ಲ ಎಂದು ಕೇಳುವವರನ್ನು ‘ಭಾಷಾಭಿಮಾನಿ’ ಅಂಕಣಕ್ಕೆ ಹಾಕಬೇಕೋ, ‘ನೀರಾವರಿ’ ಅಂಕಣಕ್ಕೋ?

ಪ್ರಶ್ನೆಗಳ ಸರದಿ ಬದಲಾದರೆ ಉತ್ತರವೂ ಬದಲಾಗಬಹುದು ಎಂಬುದು ಸಮೀಕ್ಷೆ ಮಾಡುವವರಿಗೆಲ್ಲ ಗೊತ್ತಿರುವ ಸಂಗತಿ. ಮೊದಲು ನೀರಿನದು ಕೇಳಿ ಆಮೇಲೆ ರಾಜ್ಯದ್ದು ಕೇಳಿದರೆ ಒಂದು ಉತ್ತರ. ಮೊದಲು ಮಕ್ಕಳ ನೌಕರಿ, ಜಾತಿ ಪ್ರಮಾಣಪತ್ರ, ಆಸ್ತಿಯ ಕಾಗದ ಕೇಳಿ ಆಮೇಲೆ ರಾಜ್ಯದ್ದು ಕೇಳಿದರೆ ಇನ್ನೊಂದು. ಎರಡೂ ಸುಳ್ಳಲ್ಲ. ಆದರೆ ಪತ್ರಿಕೆಯಲ್ಲಿ ಅಚ್ಚಾಗುವುದು ಒಂದೇ.

ಏಳು ಸಾವಿರ ಜನರ ಮಾತು

ಗಡಿಯ ಜನರ ಮನಸ್ಸು ಕೇಳುವ ಕೆಲಸ ಮೊದಲು ದೊಡ್ಡ ಪ್ರಮಾಣದಲ್ಲಿ ಮಾಡಿದ್ದು ವಿಶ್ವವಿದ್ಯಾಲಯವಲ್ಲ, ಮಹಾಜನ ಆಯೋಗ. ಸುಪ್ರೀಂ ಕೋರ್ಟಿನ ಮಾಜಿ ಮುಖ್ಯ ನ್ಯಾಯಮೂರ್ತಿ ಮೆಹರಚಂದ್ ಮಹಾಜನ ಅವರ ನೇತೃತ್ವದಲ್ಲಿ 1966ರ ಅಕ್ಟೋಬರಿನಲ್ಲಿ ನೇಮಕವಾದ ಆಯೋಗ 1967ರ ಆಗಸ್ಟಿನಲ್ಲಿ ವರದಿ ಕೊಟ್ಟಿತು. ಅಷ್ಟರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮನವಿಗಳನ್ನು ತೆಗೆದುಕೊಂಡಿತ್ತು, ಏಳು ಸಾವಿರಕ್ಕೂ ಹೆಚ್ಚು ಜನರನ್ನು ಮಾತಾಡಿಸಿತ್ತು. ನಿಪ್ಪಾಣಿ, ಖಾನಾಪುರ ಸೇರಿ 264 ಊರು ಮಹಾರಾಷ್ಟ್ರಕ್ಕೆ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ ಸೇರಿ 247 ಊರು ಕರ್ನಾಟಕಕ್ಕೆ ಎಂದು ಶಿಫಾರಸು ಮಾಡಿತು. ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡೂ ಅದರಲ್ಲಿತ್ತು. ಮಹಾರಾಷ್ಟ್ರ ಒಪ್ಪಲಿಲ್ಲ. 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು.

ವರದಿ ಸರಿಯೋ ತಪ್ಪೋ ಎಂಬ ವಾದ ಇಲ್ಲಿ ಬೇಡ. ಕೇಳುವ ರೀತಿಯನ್ನಷ್ಟೇ ನೋಡಿ. ಆಯೋಗ ಬಂತೆಂದರೆ ಅಲ್ಲಿಗೆ ಹೋಗುವವರು ಯಾರು? ಗಾಡಿ ಮಾಡಿಕೊಂಡು ಹೋಗಬಲ್ಲವರು, ಅರ್ಜಿ ಬರೆಯಬಲ್ಲವರು, ಹಿಂದೆ ಒಂದು ಸಂಘಟನೆ ಇದ್ದವರು. ಹೊಲದಲ್ಲಿ ಕಳೆ ತೆಗೆಯುವ ಹೆಣ್ಣುಮಗಳು ನ್ಯಾಯಮೂರ್ತಿಗಳ ಎದುರು ಬಂದು ತನಗೇನು ಬೇಕು ಎನ್ನುವುದು ಅಷ್ಟು ಸುಲಭವೇ? ಏಳು ಸಾವಿರ ದೊಡ್ಡ ಸಂಖ್ಯೆಯೇ. ಆದರೆ ತಾವಾಗಿ ಬಂದು ಹೇಳುವ ಏಳು ಸಾವಿರ ಜನ ಬೇರೆ, ಮನೆಮನೆಗೆ ಹೋದರೆ ಸಿಗುವ ಏಳುನೂರು ಜನ ಬೇರೆ. ಕ್ಷೇತ್ರಕಾರ್ಯದ ಮೊದಲ ಪಾಠವೇ ಇದು.

ಮನೆಮನೆಗೆ ಹೋಗುವುದೂ ಸಲೀಸಲ್ಲ. ದಿಲ್ಲಿಯ ಸಿಎಸ್‌ಡಿಎಸ್ ಸಂಸ್ಥೆಯ ‘ಲೋಕನೀತಿ’ ವಿಭಾಗ ಚುನಾವಣಾ ಅಧ್ಯಯನಕ್ಕೆ ಮತದಾರರ ಪಟ್ಟಿಯಿಂದಲೇ ಹೆಸರು ಆರಿಸಿ ಆಯಾ ಮನೆಗೆ ಹುಡುಗರನ್ನು ಕಳಿಸುತ್ತದೆ. ಪದ್ಧತಿ ಚೊಕ್ಕ. ಆದರೆ ಜತ್ತದ ಹಳ್ಳಿಗೆ ದೀಪಾವಳಿ ಆದ ಮೇಲೆ ಹೋದರೆ ಎಷ್ಟೋ ಮನೆಗೆ ಕೀಲಿ! ಕಬ್ಬು ಕಡಿಯಲು ಗಂಡ-ಹೆಂಡತಿ ಇಬ್ಬರೂ ಸಕ್ಕರೆ ಕಾರ್ಖಾನೆಯ ಸೀಮೆಗೆ ಹೋಗಿರುತ್ತಾರೆ. ಇದ್ದವರು ಮುದುಕರು, ಮಕ್ಕಳು. ಪಟ್ಟಿಯಲ್ಲಿದ್ದವರು ಸಿಗಲಿಲ್ಲವೆಂದು ಪಕ್ಕದ ಮನೆಯವರನ್ನು ಕೇಳಿ ಬರೆದುಕೊಂಡರೆ ಕಾಗದ ತುಂಬುತ್ತದೆ. ಬರದ ಊರಿನ ನಿಜವಾದ ಸಂಕಟ ಗೊತ್ತಿದ್ದವರು ಮಾತ್ರ ಆ ಕಾಗದದಲ್ಲಿ ಇರುವುದಿಲ್ಲ.

ಮನಿ ಮಾತು ಯಾವುದ್ರೀ?

ಜನಗಣತಿಯ ಲೆಕ್ಕದಲ್ಲಿ ಮಾತೃಭಾಷೆ ಎಂದರೆ ಎಳವೆಯಲ್ಲಿ ತಾಯಿ ಆ ವ್ಯಕ್ತಿಯೊಂದಿಗೆ ಆಡಿದ ಭಾಷೆ. ಅದರ ಜತೆ ಗೊತ್ತಿರುವ ಬೇರೆ ಎರಡು ಭಾಷೆಗಳನ್ನು ಬರೆಸಬಹುದು. ವ್ಯಾಖ್ಯೆ ಸ್ಪಷ್ಟವಾಗಿದೆ. ಕಷ್ಟ ಇರುವುದು ಕೇಳುವಲ್ಲಿ. ಮಹಾರಾಷ್ಟ್ರದಲ್ಲಿ ಮರಾಠಿಯಲ್ಲಿ ಕೇಳಿದ ಪ್ರಶ್ನೆಗೆ ಮರಾಠಿಯಲ್ಲೇ ಉತ್ತರಿಸುವುದು ಮರ್ಯಾದೆ. ‘ಮರಾಠಿ ಬರ್ತದಲ್ರೀ ನಿಮಗ’ ಎಂದು ಬಂದವರು ತಾವೇ ಬರೆದುಕೊಂಡು ಮುಂದೆ ಹೋದರೆ ಯಾರೂ ತಕರಾರು ಮಾಡುವುದಿಲ್ಲ. ಅಜ್ಜಿಯ ಕನ್ನಡ ಅಲ್ಲಿಗೆ ಕಾಗದದಿಂದ ಹೋಯಿತು.

ಹೆಣ್ಣುಮಕ್ಕಳದು ಇನ್ನೊಂದು ಕಥೆ. ಅಥಣಿ, ಚಿಕ್ಕೋಡಿ, ರಾಯಬಾಗದಿಂದ ಮಿರಜ ತಾಲೂಕಿನ ಮನೆಗಳಿಗೆ ಬಂದ ಸೊಸೆಯಂದಿರು ಕಡಿಮೆಯೇನಿಲ್ಲ. ತವರು ಒಂದು ರಾಜ್ಯ, ಅತ್ತೆಮನೆ ಒಂದು ರಾಜ್ಯ. ಗಡಿ ಎಂದರೇನು ಎಂದು ಇವರಿಗಿಂತ ಚೆನ್ನಾಗಿ ತಿಳಿದವರಿಲ್ಲ. ಆದರೆ ಪ್ರಶ್ನಾವಳಿ ಮರಾಠಿಯಲ್ಲಿ, ಕೇಳುವವನು ಗಂಡಸು, ಉತ್ತರ ಕೊಡುವವರು ಕಟ್ಟೆಯ ಮೇಲೆ ಕುಳಿತ ಮಾವನೋ ಮೈದುನನೋ. ಬಾಗಿಲ ಒಳಗೆ ನಿಂತವಳ ಮಾತು ‘ಮನೆಯವರ ಅಭಿಪ್ರಾಯ’ದಲ್ಲಿ ಕರಗಿ ಹೋಗುತ್ತದೆ.

ಇದಕ್ಕೆ ಪರಿಹಾರವೆಂದು ದುಭಾಷಿಯನ್ನು ಕರೆತರುತ್ತಾರೆ. ದುಭಾಷಿ ಯಾರು? ಊರ ಮಾಸ್ತರರು, ಇಲ್ಲವೇ ಪಾರ್ಟಿಯ ಹುಡುಗ. ಎರಡೂ ಭಾಷೆ ಚೆನ್ನಾಗಿ ಬರುವವರು ಅವರೇ ತಾನೇ! ಅಜ್ಜಿ ‘ನೀರ ಬೇಕ್ರಿ, ಎಲ್ಲಿಂದರ ಬರಲಿ’ ಅಂದರೆ, ದುಭಾಷಿಯ ಬಾಯಲ್ಲಿ ಅದು ಒಂದೋ ‘ಕರ್ನಾಟಕ ಬೇಕಂತೆ’ ಆಗಬಹುದು, ಒಂದೋ ‘ಮಹಾರಾಷ್ಟ್ರ ಸರಕಾರದ ಮೇಲೆ ಭರವಸೆ ಇದೆಯಂತೆ’ ಆಗಬಹುದು. ಪುಣೆಯಿಂದಲೋ ಲಂಡನ್ನಿನಿಂದಲೋ ಬಂದವರಿಗೆ ನಡುವೆ ನಡೆದದ್ದು ತಿಳಿಯುವ ದಾರಿಯೇ ಇಲ್ಲ. ಗಡಿಯಲ್ಲಿ ಕೆಲಸ ಮಾಡುವವರು ಎರಡೂ ಭಾಷೆ ಕಲಿಯದೆ ಬರಬಾರದು ಎಂಬ ಮಾತು ಕಟುವಾಗಿ ಕೇಳಿಸಬಹುದು, ಆದರೆ ಬೇರೆ ದಾರಿ ಕಾಣುವುದಿಲ್ಲ.

ಊರಲ್ಲಿ ಮೊದಲು ಯಾರ ಮನೆಯಲ್ಲಿ ಇಳಿದರು ಎಂಬುದೂ ಮುಖ್ಯ. ಎಂ.ಎನ್. ಶ್ರೀನಿವಾಸ್ ಅವರು 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಬೀಡುಬಿಟ್ಟಾಗ ಇದ್ದದ್ದು ಪಟೇಲರ ಎತ್ತಿನ ಮನೆಯಲ್ಲಿ. ‘ಪ್ರಬಲ ಜಾತಿ’, ‘ವೋಟ್ ಬ್ಯಾಂಕ್’ ಎಂಬ ಮಾತುಗಳು ಇಂದು ಎಲ್ಲರ ಬಾಯಲ್ಲಿವೆ, ಅವು ಬಂದದ್ದು ಅಂಥ ಓಡಾಟದಿಂದ. ಪಟೇಲರ ಆಶ್ರಯ ಸಿಕ್ಕಿದ್ದರಿಂದ ಬಾಗಿಲುಗಳು ತೆರೆದವು. ಅದೇ ಆಶ್ರಯದಿಂದ ಕೆಲವು ಕೇರಿಗಳ ಬಾಗಿಲು ಅಷ್ಟಾಗಿ ತೆರೆಯಲಿಲ್ಲ. 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರಿದ್ದ ಅಧ್ಯಯನ ಕೇಂದ್ರಕ್ಕೆ ಬೆಂಕಿ ಬಿದ್ದು, ವರ್ಷಗಟ್ಟಲೆ ಕೂತು ತಿದ್ದಿ ತಯಾರಿಸಿದ ಟಿಪ್ಪಣಿಗಳ ಮೂರೂ ಪ್ರತಿ ಸುಟ್ಟು ಹೋದವು. 1976ರಲ್ಲಿ ಬಂದ ಅವರ ಪುಸ್ತಕ ಬಹುಮಟ್ಟಿಗೆ ನೆನಪಿನಿಂದ ಬರೆದದ್ದು. ಊರಿಗೆ ಅವರು ‘ರಾಮಪುರ’ ಎಂದು ಬೇರೆ ಹೆಸರಿಟ್ಟಿದ್ದರು. ನಿಜವಾದ ಹೆಸರು ಬಲ್ಲವರಿಗೆಲ್ಲ ಗೊತ್ತಾಯಿತು ಎಂಬುದು ಬೇರೆ ಮಾತು.

ಗುಟ್ಟು ಗುಟ್ಟಾಗೇ ಇರ್ತದೇನ್ರಿ?

‘ನಿಮ್ಮ ಹೆಸರು ಎಲ್ಲೂ ಬರಂಗಿಲ್ಲ’ ಎಂದು ಬಂದವರೆಲ್ಲ ಹೇಳುತ್ತಾರೆ. ಮನಸ್ಸಿನಿಂದಲೇ ಹೇಳುತ್ತಾರೆ. ಪ್ರಶ್ನೆ ಇರುವುದು ಆ ಮಾತು ಉಳಿಸಿಕೊಳ್ಳಲು ಅವರ ಕೈಯಲ್ಲಿ ಏನಿದೆ ಎಂಬುದರಲ್ಲಿ.

ಲೋಕನೀತಿಯವರು ಯಾರಿಗೆ ಮತ ಹಾಕಿದಿರಿ ಎಂದು ಬಾಯಿಬಿಟ್ಟು ಕೇಳುವುದಿಲ್ಲ. ಅಣಕು ಮತಪತ್ರ ಕೊಡುತ್ತಾರೆ, ಗುರುತು ಹಾಕಿ ಮಡಚಿ ಪುಟ್ಟ ಪೆಟ್ಟಿಗೆಗೆ ಹಾಕಬೇಕು. ಕಟ್ಟೆಯ ಮೇಲೆ ಹತ್ತು ಜನ ಕೂಡಿದ್ದಾಗ ಇದು ಎಷ್ಟು ಗುಟ್ಟು ಎಂಬುದು ಸಂಶಯವೇ, ಆದರೂ ಉಪಾಯ ಒಳ್ಳೆಯದು. ಹಳ್ಳಿಯವರ ಹೆದರಿಕೆಗೆ ಕಾರಣ ಬೇರೆ ಇದೆ. ಮತಯಂತ್ರ ಬಂದ ಮೇಲೆ ಎಣಿಕೆ ಬೂತ್‌ವಾರು. ‘ಫಾರ್ಮ್ 20’ ಎಂಬ ಕಾಗದದಲ್ಲಿ ಯಾವ ಬೂತಿನಲ್ಲಿ ಯಾರಿಗೆ ಎಷ್ಟು ಎಂಬುದು ಬಹಿರಂಗ. ಸಾವಿರ ಮತದಾರರ, ಒಂದೇ ಬೂತಿನ ಊರು ಯಾರ ಪರ ನಿಂತಿತು ಎಂಬುದು ಮರುದಿನವೇ ಸೋತವರಿಗೂ ಗೆದ್ದವರಿಗೂ ಗೊತ್ತು. ಹಲವು ಯಂತ್ರಗಳ ಮತ ಒಟ್ಟುಗೂಡಿಸಿ ಎಣಿಸುವ ‘ಟೋಟಲೈಜರ್’ ಬೇಕೆಂದು ಚುನಾವಣಾ ಆಯೋಗ 2008ರಲ್ಲೇ ಕೇಳಿತ್ತು. 2015ರಲ್ಲಿ ಕಾನೂನು ಆಯೋಗವೂ ಹೌದೆಂದಿತು. ಕೇಂದ್ರ ಒಪ್ಪಲಿಲ್ಲ. ಹೀಗಿರುವಾಗ ‘ಕನ್ನಡಿಗರ ಓಣಿ, ಬೂತ್ ನಂಬರ್ ಇಂತಿಷ್ಟು’ ಎಂದು ಸಂಶೋಧನೆಯ ಕೋಷ್ಟಕದಲ್ಲಿ ಬಂದರೆ, ಹೆಸರು ಬರೆಯದಿದ್ದರೂ ಬರೆದಂತೆಯೇ.

ಇನ್ನು ಕಾನೂನು. ವಕೀಲರಿಗೆ ಕಕ್ಷಿದಾರ ಹೇಳಿದ ಮಾತಿಗೆ, ಗಂಡ-ಹೆಂಡತಿ ನಡುವಿನ ಮಾತಿಗೆ ಸಾಕ್ಷ್ಯ ಕಾನೂನಿನಲ್ಲಿ ರಕ್ಷಣೆ ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಅದು ಮುಂದುವರಿದಿದೆ. ಸಂಶೋಧಕನಿಗೆ ಹೇಳಿದ ಮಾತಿಗೆ ಅಂಥ ರಕ್ಷಣೆ ಇಲ್ಲ. ಕೋರ್ಟು ಕೇಳಿದರೆ ವಹಿ ಕೊಡಬೇಕಾಗುತ್ತದೆ. ಇದು ಬರೀ ಊಹೆಯ ಭಯವಲ್ಲ. ಅಮೆರಿಕದ ಬಾಸ್ಟನ್ ಕಾಲೇಜು ಉತ್ತರ ಐರ್ಲೆಂಡಿನ ಹಳೆಯ ಬಂಡುಕೋರರ ಮಾತುಗಳನ್ನು 2001ರಿಂದ 2006ರವರೆಗೆ ಧ್ವನಿಮುದ್ರಿಸಿತ್ತು. ‘ನೀವು ಬದುಕಿರುವವರೆಗೆ ಯಾರಿಗೂ ಕೊಡುವುದಿಲ್ಲ’ ಎಂಬ ವಚನದ ಮೇಲೆ ಅವರು ಮಾತಾಡಿದ್ದರು. 2011ರಲ್ಲಿ ಆ ಟೇಪುಗಳಿಗಾಗಿ ಕೋರ್ಟಿನ ಆದೇಶ ಬಂತು, ಕೆಲವನ್ನು ಪೊಲೀಸರಿಗೆ ಒಪ್ಪಿಸಬೇಕಾಯಿತು. ಅದೇ ತನಿಖೆಯಲ್ಲಿ 2014ರಲ್ಲಿ ರಾಜಕೀಯ ನಾಯಕ ಗೆರಿ ಆಡಮ್ಸ್ ಅವರನ್ನು ಕೆಲ ದಿನ ಬಂಧಿಸಿಡಲಾಯಿತು, ಆಮೇಲೆ ಆರೋಪವಿಲ್ಲದೆ ಬಿಟ್ಟರು. ದೊಡ್ಡ ಕಾಲೇಜಿನ ವಚನವೇ ಹೀಗಾದರೆ ಒಬ್ಬ ಪಿಎಚ್.ಡಿ. ವಿದ್ಯಾರ್ಥಿಯ ವಚನಕ್ಕೆ ಬೆಲೆ ಎಷ್ಟು?

ಮಿರಜದವರಿಗೆ ಈ ಮಾತು ತಟ್ಟುವುದು 2009ರ ನೆನಪಿನಿಂದ. ಆ ವರ್ಷದ ಗಣೇಶೋತ್ಸವದಲ್ಲಿ ಅಫಜಲಖಾನನ ವಧೆಯ ಚಿತ್ರವಿದ್ದ ಕಮಾನಿನ ಸಲುವಾಗಿ ಸೆಪ್ಟೆಂಬರ್ ಮೊದಲ ವಾರ ಇಲ್ಲಿ ಗಲಭೆ ಎದ್ದಿತು. ಕರ್ಫ್ಯೂ ಬಿತ್ತು, ವಿಸರ್ಜನೆ ನಿಂತಿತು, ಸಾಂಗಲಿ, ಇಚಲಕರಂಜಿ, ಕೊಲ್ಲಾಪುರಕ್ಕೂ ಬಿಸಿ ಹಬ್ಬಿತು. ಅಕ್ಟೋಬರ್ 13ಕ್ಕೆ ವಿಧಾನಸಭೆಯ ಮತದಾನ! ಗಲಭೆಗೂ ಮತಕ್ಕೂ ನಂಟೇನು ಎಂದು ಕೇಳುವುದು ರಾಜ್ಯಶಾಸ್ತ್ರದ ನ್ಯಾಯವಾದ ಪ್ರಶ್ನೆಯೇ. ಆದರೆ ಆ ದಿನಗಳಲ್ಲಿ ಅಂಗಡಿ ಕಳೆದುಕೊಂಡವರನ್ನು ಕೂಡಿಸಿ ‘ಆ ಗುಂಪಿನಲ್ಲಿ ಯಾರನ್ನು ಕಂಡಿರಿ?’ ಎಂದು ಕೇಳಿದರೆ, ಅವರು ಹೇಳುವ ಹೆಸರು ನೆರೆಮನೆಯದು. ಬರೆದ ಹೆಸರು ಪ್ರಕರಣದ ಕಾಗದವಾಗಬಹುದು. ಅಂಥ ಪ್ರಶ್ನೆಯನ್ನು ಕೇಳದೇ ಇರುವುದು, ಕೇಳಿದರೂ ಹೆಸರು ಬರೆಯದೇ ಇರುವುದು ಸಂಶೋಧಕರು ಮಾಡಬಹುದಾದ ಕೆಲಸ. ಎಲ್ಲ ತಿಳಿಯಬೇಕೆಂಬ ಹಟ ಅಲ್ಲಿ ಒಳ್ಳೆಯದಲ್ಲ.

ಗೋಕುಳನಗರದ ಉತ್ತರ

ಬರೆಸಿಕೊಂಡವರು ತಿರುಗಿ ಮಾತಾಡಿದ ಉದಾಹರಣೆಯೂ ಇದೇ ಜಿಲ್ಲೆಯಲ್ಲಿದೆ. ಸಾಂಗಲಿಯಲ್ಲಿ 1992ರಲ್ಲಿ ಶುರುವಾದ ‘ಸಂಗ್ರಾಮ’ ಸಂಸ್ಥೆ, ಅದರಿಂದ 1996ರಲ್ಲಿ ಹುಟ್ಟಿದ ‘ವ್ಯಾಂಪ್’ ಎಂಬ ಲೈಂಗಿಕ ಕಾರ್ಯಕರ್ತೆಯರ ಸಂಘಟನೆ ದೇಶಕ್ಕೇ ಗೊತ್ತು. ಸದಸ್ಯೆಯರಲ್ಲಿ ಕರ್ನಾಟಕದ ಗಡಿ ಜಿಲ್ಲೆಗಳಿಂದ ಬಂದ, ಎಲ್ಲಮ್ಮನಿಗೆ ಬಿಟ್ಟ ಕನ್ನಡದ ಹೆಣ್ಣುಮಕ್ಕಳು ಬಹಳ. 2005ರಲ್ಲಿ ಗೋಕುಳನಗರದಲ್ಲಿ ‘ರಕ್ಷಣೆ’ಯ ಹೆಸರಿನ ದಾಳಿ ನಡೆಯಿತು. ವೇಶ್ಯಾವೃತ್ತಿಯ ವಿರುದ್ಧ ಪ್ರತಿಜ್ಞೆಗೆ ಸಹಿ ಹಾಕಬೇಕೆಂಬ ಅಮೆರಿಕದ ಷರತ್ತು ಬಂದಾಗ ಸಂಗ್ರಾಮ ಅಲ್ಲಿಯ ದುಡ್ಡೇ ಬೇಡವೆಂದಿತು. ಇಷ್ಟೆಲ್ಲ ಆದ ಮೇಲೆ ಅಧ್ಯಯನಕ್ಕೆ, ಚಿತ್ರೀಕರಣಕ್ಕೆ ಬರುವವರಿಗೇನು ಬರವೇ?

2010ರಲ್ಲಿ ಒಂದು ಅಂತರ್ಜಾಲ ವಾಹಿನಿ ಇವರನ್ನು ಚಿತ್ರಿಸಿ ‘ಪ್ರಾಸ್ಟಿಟ್ಯೂಟ್ಸ್ ಆಫ್ ಗಾಡ್’ ಎಂಬ ಸಾಕ್ಷ್ಯಚಿತ್ರ ಹೊರತಂದಿತು. ಅದನ್ನು ನೋಡಿದ ಹೆಣ್ಣುಮಕ್ಕಳು ಸುಮ್ಮನೆ ಕೂಡಲಿಲ್ಲ. ತಾವೇ ಕ್ಯಾಮೆರಾ ಮುಂದೆ ಕುಳಿತು, ತಮ್ಮನ್ನೂ ತಮ್ಮ ದೇವರನ್ನೂ ಹೇಗೆ ತಪ್ಪಾಗಿ ತೋರಿಸಿದ್ದಾರೆ, ಹೊರಗೆ ಹೇಳಬಾರದ್ದನ್ನು ಹೇಗೆ ಹೇಳಿದ್ದಾರೆ ಎಂದು ಉತ್ತರದ ವಿಡಿಯೋ ಮಾಡಿ ಹಾಕಿದರು. ಒಪ್ಪಿಗೆ ಎಂದರೆ ಮೊದಲ ದಿನ ‘ಹೂಂ’ ಅನ್ನುವುದಷ್ಟೇ ಅಲ್ಲ, ತನ್ನ ಬಗ್ಗೆ ಏನು ಬಂತು ಎಂದು ನೋಡುವ, ತಕರಾರು ಹೇಳುವ ಹಕ್ಕೂ ಹೌದು ಎಂಬುದನ್ನು ಸಂಶೋಧನೆಯ ಪಠ್ಯಪುಸ್ತಕಕ್ಕಿಂತ ಸ್ಪಷ್ಟವಾಗಿ ಹೇಳಿದ್ದು ಆ ವಿಡಿಯೋ.

ಬಂದವರು ಉಳಿದುಬಿಟ್ಟರೆ?

ಎಲ್ಲರೂ ಸಂಜೆಯ ಗಾಡಿಗೆ ಹೋದವರಲ್ಲ. ಅಮೆರಿಕದಲ್ಲಿ 1941ರಲ್ಲಿ ಹುಟ್ಟಿದ ಗೇಲ್ ಓಮ್‌ವೆಟ್, ಪಶ್ಚಿಮ ಭಾರತದ ಬ್ರಾಹ್ಮಣೇತರ ಚಳವಳಿಯ ಮೇಲೆ ಬರ್ಕ್ಲಿ ವಿಶ್ವವಿದ್ಯಾಲಯಕ್ಕೆ ಪ್ರಬಂಧ ಬರೆಯಲು ಮಹಾರಾಷ್ಟ್ರಕ್ಕೆ ಬಂದರು. 1973ರಲ್ಲಿ ಪದವಿ ಆಯಿತು. ಆದರೆ ಅವರು ಸಾಂಗಲಿ ಜಿಲ್ಲೆ ವಾಳವಾ ತಾಲೂಕಿನ ಕಾಸೇಗಾಂವದ ಸೊಸೆಯಾದರು, 1983ರಲ್ಲಿ ಭಾರತದ ಪೌರತ್ವ ಪಡೆದರು, ಪತಿ ಭಾರತ ಪಾಟಣಕರ ಅವರೊಂದಿಗೆ ನೀರಿನ, ಬರದ ಹೋರಾಟಗಳಲ್ಲಿ ನಿಂತರು. 2021ರ ಆಗಸ್ಟ್ 25ರಂದು ತೀರಿಕೊಂಡದ್ದೂ ಕಾಸೇಗಾಂವದಲ್ಲೇ.

ಹೋರಾಟದಲ್ಲಿ ನಿಂತವರು ನಿಷ್ಪಕ್ಷಪಾತವಾಗಿ ಬರೆಯಬಲ್ಲರೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯೇ. ಆದರೆ ಅವರು ಯಾವ ಕಡೆಯವರು ಎಂಬುದು ಊರಿಗೂ ಗೊತ್ತಿತ್ತು, ಓದುಗರಿಗೂ ಗೊತ್ತಿತ್ತು. ಬರೆದದ್ದಕ್ಕೆ ಯಾರಾದರೂ ಸಿಟ್ಟಾದರೆ ಮನೆ ಬಾಗಿಲಿಗೇ ಬಂದು ಕೇಳಬಹುದಿತ್ತು. ದೂರದಲ್ಲಿ ಕುಳಿತ ನಿಷ್ಪಕ್ಷಪಾತಿಗಳಿಗೆ ಆ ಕಷ್ಟವಿಲ್ಲ.

ದುಡ್ಡು ಎಲ್ಲಿಂದ ಬಂತು ಎಂದು ಕೇಳುವುದೂ ಅನುಮಾನದ ರೋಗವಲ್ಲ. ಬರ್ಕ್ಲಿಯದೇ ‘ಹಿಮಾಲಯನ್ ಬಾರ್ಡರ್ ಕಂಟ್ರೀಸ್’ ಎಂಬ ಅಧ್ಯಯನ ಯೋಜನೆಗೆ ಅಮೆರಿಕದ ರಕ್ಷಣಾ ಇಲಾಖೆಯ ಹಣವಿದೆ ಎಂಬುದು 1968ರಲ್ಲಿ ಹೊರಬಿದ್ದು ನಮ್ಮ ಸಂಸತ್ತಿನಲ್ಲಿ ಗದ್ದಲವಾಯಿತು, ಯೋಜನೆ ಮುಚ್ಚಿತು. ಗಡಿಯ ಜನ ‘ಯಾರ ಕಡೆಯವರು?’ ಎಂದು ಮೊದಲು ಕೇಳುವುದು ಸುಮ್ಮನೆ ಅಲ್ಲ.

ಗಣತಿಗೆ ಹೇಳಲೇಬೇಕು, ಸಂಶೋಧಕರಿಗೆ?

2021ರಲ್ಲಿ ಆಗಬೇಕಿದ್ದ ಜನಗಣತಿ ಆಗಲಿಲ್ಲ, ಅದು 2027ಕ್ಕೆ ನಿಗದಿಯಾಗಿದೆ, ಜಾತಿಯ ಪ್ರಶ್ನೆಯೊಂದಿಗೆ. ಗಣತಿದಾರರಿಗೂ ಸಂಶೋಧಕರಿಗೂ ಇರುವ ವ್ಯತ್ಯಾಸ ಗಡಿಯ ಮನೆಗಳಿಗೆ ತಿಳಿದಿದ್ದರೆ ಒಳ್ಳೆಯದು. 1948ರ ಜನಗಣತಿ ಕಾಯ್ದೆಯಂತೆ ಗಣತಿದಾರರು ಕೇಳಿದ್ದಕ್ಕೆ ತಿಳಿದಷ್ಟು ನಿಜ ಹೇಳುವುದು ಕಡ್ಡಾಯ. ಅದರ ಬದಲಿಗೆ, ನೀವು ಬರೆಸಿದ್ದನ್ನು ಬೇರೆ ಯಾರೂ ತೆಗೆದು ನೋಡುವಂತಿಲ್ಲ, ಕೋರ್ಟಿನಲ್ಲಿ ಸಾಕ್ಷಿಯಾಗಿ ಬಳಸುವಂತಿಲ್ಲ ಎಂದು ಅದೇ ಕಾಯ್ದೆಯ 15ನೇ ಕಲಂ ಹೇಳುತ್ತದೆ. ಮನೆಯ ಹೆಣ್ಣುಮಕ್ಕಳ ಹೆಸರು ಹೇಳಲೇಬೇಕೆಂಬ ಒತ್ತಾಯವಿಲ್ಲ, ಹೆಂಡತಿ ಗಂಡನ ಹೆಸರು ಹೇಳಲೇಬೇಕೆಂದೂ ಇಲ್ಲ! ಹಳೆಯ ಕಾಲದ ಸಂಕೋಚಕ್ಕೆ ಕಾಯ್ದೆ ಕೊಟ್ಟ ಮರ್ಯಾದೆ ಅದು. ಮಾತೃಭಾಷೆಯ ಅಂಕಣದಲ್ಲಿ ಕನ್ನಡವೆಂದು ಹೇಳಿದರೆ ಕನ್ನಡವೆಂದೇ ಬರೆಯಬೇಕು. ಬರೆದದ್ದನ್ನು ತೋರಿಸಿರಿ ಎನ್ನುವುದರಲ್ಲಿ ತಪ್ಪಿಲ್ಲ.

ಸಂಶೋಧಕರ ಮಾತು ಇದಕ್ಕೆ ಪೂರ್ತಿ ಉಲ್ಟಾ. ಅವರ ವಹಿಗೆ ಕಾನೂನಿನ ಬೀಗವಿಲ್ಲ, ಅವರಿಗೆ ಉತ್ತರಿಸಲೇಬೇಕೆಂಬ ಕಾನೂನೂ ಇಲ್ಲ. ಯಾವ ಸಂಸ್ಥೆ, ದುಡ್ಡು ಯಾರದು, ಮಾರ್ಗದರ್ಶಕರು ಯಾರು ಎಂದು ಕೇಳಬಹುದು. ಮೊಬೈಲ್ ರೆಕಾರ್ಡಿಂಗ್ ಬಂದ್ ಮಾಡ್ರಿ ಎನ್ನಬಹುದು. ನಾಲ್ಕು ಪ್ರಶ್ನೆಗೆ ಹೇಳಿ ಐದನೆಯದಕ್ಕೆ ಬೇಡ ಎನ್ನಬಹುದು. ಸೊಸೆಯ ಮಾತು ಬೇಕಾದರೆ ಹೆಣ್ಣುಮಗಳನ್ನೇ ಕಳಿಸಿರಿ, ಕನ್ನಡದಾಗ ಕೇಳ್ರಿ ಎನ್ನಬಹುದು. ಕೂಲಿ ಬಿಟ್ಟು ಎರಡು ತಾಸು ಕೂಡಬೇಕಾದರೆ ಅದರದೂ ಒಂದು ಲೆಕ್ಕ ಆಗಬೇಕು. ಉತ್ತರಕ್ಕೆ ದುಡ್ಡು ಕೊಟ್ಟರೆ ದುಡ್ಡಿಗೆ ತಕ್ಕ ಉತ್ತರ ಬರುತ್ತದೆ ಎಂದು ಸಂಶೋಧಕರು ಹಿಂಜರಿಯುತ್ತಾರೆ, ಅದರಲ್ಲೂ ಸತ್ಯವಿದೆ. ಹಾಗಿದ್ದರೆ ಕೂಲಿ ಹೋಗದ ಹೊತ್ತಿಗೆ, ರಾತ್ರಿ ಊಟ ಆದ ಮೇಲೆ ಬರಲಿ.

ಬರೆದುಕೊಂಡು ಹೋದದ್ದು ಕಡೆಗೆ ಎಲ್ಲಿ ಸೇರುತ್ತದೆ ಎಂದು ಕೇಳುವವರೂ ಇದ್ದಾರೆ. ಭಾರತದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳು ‘ಶೋಧಗಂಗಾ’ ಎಂಬ ಅಂತರ್ಜಾಲ ಭಂಡಾರದಲ್ಲಿ ಸಿಗುತ್ತವೆ, ಓದಲು ಖರ್ಚಿಲ್ಲ. ಆದರೆ ಜತ್ತದ ಅಜ್ಜಿ ಕನ್ನಡದಲ್ಲಿ ಹೇಳಿದ್ದು ಅಲ್ಲಿ ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ಇರುತ್ತದೆ. ಎರಡು ಪುಟದ ಸಾರಾಂಶವನ್ನು ಕನ್ನಡದಲ್ಲಿ ಬರೆದು ಆ ಊರಿನ ಕನ್ನಡ ಶಾಲೆಗೆ ಕಳಿಸಲು ಸಂಶೋಧಕರಿಗೆ ತಗಲುವುದು ಒಂದು ದಿನದ ಕೆಲಸ ಮತ್ತು ಅಂಚೆಯ ಖರ್ಚು.